ಅದೇ ಕಥೆ, ಹೊಸ ಶಬ್ದ

‘ಆಯಿ, ಅದ ಕತಿ ಮತ್ತ ಓದು’ ಎಂದು ಅಂಕಲಗಿಯ ಕೂಸೊಂದು ಹಟ ಹಿಡಿದರೆ ಅಜ್ಜಿಗೆ ಬೇಸರವಾಗುವುದು ಸಹಜ. ಆದರೆ ಹಟದಲ್ಲಿ ಹುರುಳುಂಟು.

ಪುಸ್ತಕದಲ್ಲಿ ‘ಜಲಪಾತ’ ಎಂದಿದೆಯೆನ್ನೋಣ. ಗೋಕಾಕದ ದಬದಬೆಯನ್ನು ಕಂಡ ಮಗುವಿಗೆ ವಸ್ತು ಪರಿಚಿತ, ಶಬ್ದ ಮಾತ್ರ ಹೊಸದು. ಅಜ್ಜಿಯು ಚಿತ್ರದ ಮೇಲೆ ಬೆರಳಿಟ್ಟೊಡನೆ ಎರಡಕ್ಕೂ ನಂಟು ಬೀಳುತ್ತದೆ. ಆದರೆ ಸಡಿಲವಾದ ನಂಟದು, ನಾಳೆಗೆ ಮರೆತುಹೋಗಬಹುದು.

2011ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇಂಗ್ಲೆಂಡಿನ ಜೆಸ್ಸಿಕಾ ಹೋರ್ಸ್ಟ್ ಮತ್ತು ಸಂಗಡಿಗರು 3 ವರ್ಷದ ಕೆಲವು ಮಕ್ಕಳಿಗೆ ಅವವೇ ಕಥೆಗಳನ್ನು ಮರಳಿ ಮರಳಿ, ಉಳಿದವರಿಗೆ ಬೇರೆ ಬೇರೆ ಕಥೆಗಳನ್ನು ಓದಿ ಹೇಳಿದರು. ಹೊಸ ಶಬ್ದಗಳು ಕಿವಿಗೆ ಬಿದ್ದ ಸಂಖ್ಯೆ ಎಲ್ಲರಿಗೂ ಸಮ. ಆದರೂ ಅವವೇ ಕಥೆಗಳನ್ನು ಕೇಳಿದವರೇ ಶಬ್ದಗಳನ್ನು ಹೆಚ್ಚಾಗಿ ನೆನಪಿನಲ್ಲಿ ಉಳಿಸಿಕೊಂಡರು! ಕಥೆಯು ಪರಿಚಿತವಾದಂತೆ ಮಗುವಿನ ಗಮನವು ಶಬ್ದದ ಕಡೆಗೆ ತಿರುಗಲು ಬಿಡುವಾಗುವುದೇ ಕಾರಣವಿರಬೇಕು. ನಡುನಡುವೆ ‘ಇದೇನು?’ ಎಂದು ಕೇಳಿ ಮಗುವಿನಿಂದಲೇ ಹೇಳಿಸಿದರೆ ಶಬ್ದವು ನಾಲಿಗೆಗೂ ಬರುತ್ತದೆ.