ಕಥೆಯ ಪಾಠ ಮತ್ತು ಕೇಳುವ ಕಿವಿ

ಸಣ್ಣಕಥೆಯ ಪಾಠ ಮುಗಿದ ಮೇಲೆ ನಮ್ಮ ಮಕ್ಕಳು ಸಾಮಾನ್ಯವಾಗಿ ಬರೆಯುವುದು ಮೂರೇ ವಿಷಯ: ಸಾರಾಂಶ, ಪಾತ್ರಗಳ ಗುಣ, ಕೊನೆಗೊಂದು ನೀತಿ. ಪಾತ್ರ ಒಳ್ಳೆಯದೋ ಕೆಟ್ಟದೋ ಎಂದು ತೀರ್ಪು ಕೊಟ್ಟರೆ ಅಂಕ ಸಿಗುತ್ತದೆ. ಆ ಮನುಷ್ಯ ಹಾಗೇಕೆ ನಡೆದುಕೊಂಡ ಎಂಬ ಪ್ರಶ್ನೆ ಮಾತ್ರ ಉಳಿದುಬಿಡುತ್ತದೆ. ಇಲ್ಲಿ ಮಾನವತಾವಾದಿ ಮನಶ್ಶಾಸ್ತ್ರ ಶಿಕ್ಷಕರ ನೆರವಿಗೆ ಬರುತ್ತದೆ.

ಅಮೆರಿಕದಲ್ಲಿ ಬೆಳೆದ ಈ ಚಿಂತನೆಯ ಇಬ್ಬರು ಪ್ರಮುಖರು ಅಬ್ರಹಾಂ ಮಾಸ್ಲೊ ಮತ್ತು ಕಾರ್ಲ್ ರೋಜರ್ಸ್. ಮಾಸ್ಲೊ 1943ರಲ್ಲಿ ಮನುಷ್ಯನ ಅಗತ್ಯಗಳನ್ನು ಐದಾಗಿ ವಿಂಗಡಿಸಿದರು: ಹಸಿವಿನಂಥ ದೈಹಿಕ ಅಗತ್ಯ, ಭದ್ರತೆ, ಪ್ರೀತಿ ಮತ್ತು ನಂಟು, ಗೌರವ, ತನ್ನೊಳಗಿನ ಶಕ್ತಿಯನ್ನು ಅರಳಿಸಿಕೊಳ್ಳುವುದು. ರೋಜರ್ಸ್ ಮೊದಲು ನ್ಯೂಯಾರ್ಕಿನ ಒಂದು ಸೆಮಿನರಿಯಲ್ಲಿ ಓದಿ, ಬಳಿಕ ಮನಶ್ಶಾಸ್ತ್ರದತ್ತ ಹೊರಳಿದವರು. ಎದುರಿಗಿರುವವರನ್ನು ತೀರ್ಪು ನೀಡದೆ ಸ್ವೀಕರಿಸುವುದು, ಅವರ ಕಣ್ಣಿನಿಂದ ನೋಡುವುದು, ತಾವು ನಟಿಸದಿರುವುದು – ಈ ಮೂರನ್ನು ಅವರು ಮುಖ್ಯವೆಂದರು. 1969ರ 'ಫ್ರೀಡಂ ಟು ಲರ್ನ್' ಪುಸ್ತಕದಲ್ಲಿ ತಮ್ಮ ವಿಚಾರಗಳನ್ನು ತರಗತಿಗೂ ಅನ್ವಯಿಸಿದರು.

ಒಂದು ಉದಾಹರಣೆ ನೋಡೋಣ. ರಷ್ಯಾದ ಆಂಟನ್ ಚೆಕಾಫ್ 1886ರಲ್ಲಿ ಪ್ರಕಟಿಸಿದ 'ತೊಸ್ಕಾ' (ದುಃಖ) ಎಂಬ ಕಥೆ. ಬಾಡಿಗೆ ಗಾಡಿ ಓಡಿಸುವ ಮುದುಕ ಅಯೋನಾನ ಮಗ ಅದೇ ವಾರ ಜ್ವರದಿಂದ ತೀರಿಕೊಂಡಿದ್ದಾನೆ. ಹಿಮ ಸುರಿಯುವ ರಾತ್ರಿಯಲ್ಲಿ ಆತ ಅದನ್ನು ಯಾರಿಗಾದರೂ ಹೇಳಬೇಕೆಂದು ಹಂಬಲಿಸುತ್ತಾನೆ. ಮಿಲಿಟರಿ ಅಧಿಕಾರಿ ಒಂದು ಪ್ರಶ್ನೆ ಕೇಳಿ ಕಣ್ಣು ಮುಚ್ಚುತ್ತಾನೆ. ಮೂವರು ಯುವಕರು ಬೈದು ಗದ್ದಲ ಮಾಡುತ್ತಾರೆ. ಜೊತೆಯ ಗಾಡಿಯವನು ಮುಸುಕೆಳೆದು ಮಲಗುತ್ತಾನೆ. ಕೊನೆಗೆ ಅಯೋನಾ ಲಾಯಕ್ಕೆ ಹೋಗಿ, ಹುಲ್ಲು ಮೇಯುತ್ತಿರುವ ತನ್ನ ಕುದುರೆಗೇ ಎಲ್ಲವನ್ನೂ ಹೇಳುತ್ತಾನೆ.

ತರಗತಿಯಲ್ಲಿ ಮೂರು ಪ್ರಶ್ನೆ ಸಾಕು.

1. ಅಯೋನಾನಿಗೆ ಬೇಕಾದದ್ದೇನು? ಕುದುರೆಯ ಓಟ್ಸ್‌ಗೂ ಆಗುವಷ್ಟು ದುಡಿಯಲಿಲ್ಲ, ಅದಕ್ಕೇ ಮನಸ್ಸು ಭಾರವಾಗಿದೆ ಎಂದು ಆತನೇ ಅಂದುಕೊಳ್ಳುತ್ತಾನೆ. ಅದು ನಿಜವೇ? ಹಣಕ್ಕಿಂತ ಒಂದು ಕಿವಿ ಆತನಿಗೆ ಬೇಕಿತ್ತೆಂದು ಮಕ್ಕಳೇ ಕಂಡುಕೊಳ್ಳಲಿ. ಅಗತ್ಯಗಳ ಕ್ರಮ ಕಟ್ಟುನಿಟ್ಟಲ್ಲವೆಂದು ಮಾಸ್ಲೊ ಕೂಡ ಒಪ್ಪಿದ್ದರು.

2. ಕೇಳದೆ ಹೋದವರೆಲ್ಲ ಕೆಟ್ಟವರೇ? ನಿದ್ದೆಗಣ್ಣಿನ ಆ ಗಾಡಿಯವನ ಜಾಗದಲ್ಲಿ ನಿಂತು ಯೋಚಿಸಲಿ.

3. ಕುದುರೆ ಮಾಡಿದ್ದೇನು? ಉಪದೇಶವಿಲ್ಲ, ಅವಸರವಿಲ್ಲ; ಸುಮ್ಮನೆ ಜೊತೆಗಿತ್ತು.

ಪ್ರತಿ ಉತ್ತರಕ್ಕೂ ಕಥೆಯಿಂದಲೇ ಆಧಾರ ಕೇಳಬೇಕು. ಇಲ್ಲವಾದರೆ ಚರ್ಚೆ ಹರಟೆಯಾಗುತ್ತದೆ. ಮಗುವಿನ ಮನೆಯ ನೋವನ್ನು ತರಗತಿಯ ಮುಂದೆ ಕೆದಕುವುದೂ ಸಲ್ಲದು. ಪಾತ್ರದ ಬಗ್ಗೆ ಮಾತನಾಡುತ್ತಲೇ ಮಗು ತನ್ನ ಬಗ್ಗೆಯೂ ಸ್ವಲ್ಪ ಹೇಳಿಕೊಳ್ಳಬಹುದು, ಅಷ್ಟು ಸಾಕು. ಯಾವುದಾದರೂ ಮಗು ತೀರಾ ಕುಗ್ಗಿದಂತೆ ಕಂಡರೆ ಪಾಠದ ನಂತರ ಪ್ರತ್ಯೇಕವಾಗಿ ಮಾತನಾಡಿಸಿ, ಅಗತ್ಯವಿದ್ದರೆ ಆಪ್ತಸಮಾಲೋಚಕರ ಬಳಿ ಕಳುಹಿಸಬೇಕು.

ಅಂದ ಮೇಲೆ ಈ ವಿಧಾನದ ಮೊದಲ ಪರೀಕ್ಷೆ ಶಿಕ್ಷಕರಿಗೇ. ತಪ್ಪು ಉತ್ತರ ಕೊಟ್ಟ ಮಗುವಿನ ಮಾತನ್ನು ನಾವು ಕೊನೆಯವರೆಗೆ ಕೇಳದಿದ್ದರೆ, ಅಯೋನಾನ ಕಥೆಯನ್ನು ಎಷ್ಟು ಚೆನ್ನಾಗಿ ವಿವರಿಸಿದರೂ ನಾವೂ ಆ ಗಾಡಿಯ ಪ್ರಯಾಣಿಕರೇ ಆಗುತ್ತೇವೆ.