ನಿಮಗಿದು ಗೊತ್ತೇ? ಉಪ್ಪು, ತತ್ತಿ, ಅರಿಶಿನದಲ್ಲೂ ಮೂಡುತ್ತಾನೆ ಮುತ್ಯಾ!

ಗೋಡೆಗೆ ಮುತ್ಯಾನ ಫೋಟೊ ಹಾಕಬೇಕೆಂದರೆ ಸ್ಟುಡಿಯೊಗೇ ಓಡಬೇಕಿಲ್ಲ. ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಬಿಟ್ಟಿ ಸಿಗುವ ಬಿಸಿಲು, ಅಡುಗೆಮನೆಯ ಒಂದೆರಡು ಡಬ್ಬಿ, ಚಿಟಿಕೆ ರಸಾಯನಶಾಸ್ತ್ರ. ಇಷ್ಟಿದ್ದರೆ ಮನೆಯಂಗಳವೇ ಸ್ಟುಡಿಯೊ! ನಂಬಿಕೆ ಬರಲಿಲ್ಲವೇ? ಮುಂದೆ ಓದಿ.

ಕಲಬುರಗಿ ಸೀಮೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಎಲ್ಲರೂ ಬೈಯುವ ಈ ಬಿಸಿಲೇ ಫೋಟೊ ಮುದ್ರಿಸುವವರಿಗೆ ಬಂಗಾರ! ಅವರಿಗೆ ಬೇಕಿರುವುದು ಅದರ ಕಾವಲ್ಲ, ಅದರಲ್ಲಿರುವ ಕಣ್ಣಿಗೆ ಕಾಣದ ನೇರಳಾತೀತ ಕಿರಣ. ಮಟಮಟ ಮಧ್ಯಾಹ್ನ ಕಾಗದ ಇಟ್ಟರೆ ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಯಿತು.

ಆ ಕಾಗದದ ಮೇಲೆ ಹಚ್ಚುವುದೇನು? ಕಬ್ಬಿಣದ ಎರಡು ಲವಣ, ಅಷ್ಟೇ. ಈ ಪದ್ಧತಿಗೆ ಸಯನೊಟೈಪ್ ಎಂದು ಹೆಸರು. ಮೇಲೆ ನೆಗೆಟಿವ್ ಇಟ್ಟು ಬಿಸಿಲಿಗೆ ಹಿಡಿದು, ಬರೀ ನೀರಲ್ಲಿ ತೊಳೆದರೆ ಕಡುನೀಲಿ ಚಿತ್ರ ಎದ್ದು ಬರುತ್ತದೆ. ಕತ್ತಲ ಕೋಣೆಯೂ ಬೇಡ, ಘಾಟಿನ ದ್ರಾವಣವೂ ಬೇಡ!

ಆ ಎರಡರಲ್ಲಿ ಒಂದು ಫೆರಿಕ್ ಅಮೋನಿಯಂ ಸಿಟ್ರೇಟ್. ಮೈಯಲ್ಲಿ ರಕ್ತ ಕಡಿಮೆ ಇದ್ದವರಿಗೆ ಡಾಕ್ಟರು ಬರೆದುಕೊಡುವ ಕೆಲವು ಟಾನಿಕ್‌ಗಳಲ್ಲೂ ಇರುವುದು ಇದೇ! ಹಾಗಂತ ಫೋಟೊದ ದ್ರಾವಣ ಕುಡಿಯಲು ಹೋಗಬೇಡಿ ಮತ್ತೆ.

ಸಯನೊಟೈಪ್ ಕಂಡುಹಿಡಿದದ್ದು ಫೋಟೊಗ್ರಾಫರ್ ಅಲ್ಲ, ಖಗೋಳ ವಿಜ್ಞಾನಿ! 1842ರಲ್ಲಿ ಇಂಗ್ಲೆಂಡಿನ ಜಾನ್ ಹರ್ಷಲ್. ಮಗ ವಿಲಿಯಂ ಇನ್ನೂ ಒಂದು ಹೆಜ್ಜೆ ಮುಂದೆ. ಬಂಗಾಳದಲ್ಲಿ ಅಧಿಕಾರಿಯಾಗಿದ್ದಾಗ, 1858ರಲ್ಲಿ ಒಂದು ಕರಾರುಪತ್ರಕ್ಕೆ ಸಹಿಯ ಜೊತೆ ಅಂಗೈಯ ಗುರುತನ್ನೂ ಒತ್ತಿಸಿಕೊಂಡ. ಮುಂದೆ ಬೆರಳಚ್ಚಿನ ವಿದ್ಯೆ ಬೆಳೆದದ್ದು ಇಂಥ ಪ್ರಯೋಗಗಳಿಂದಲೇ. ಅಪ್ಪನದು ಬಿಸಿಲಚ್ಚು, ಮಗನದು ಬೆರಳಚ್ಚು!

ಫೋಟೊಗಳಿದ್ದ ಜಗತ್ತಿನ ಮೊದಲ ಪುಸ್ತಕ ಮಾಡಿದ್ದು ಒಬ್ಬ ಮಹಿಳೆ. ಹೆಸರು ಆನಾ ಅಟ್ಕಿನ್ಸ್. 1843ರಲ್ಲಿ ಪಾಚಿಗಳನ್ನು ಕಾಗದದ ಮೇಲಿಟ್ಟು ಬಿಸಿಲಲ್ಲೇ ಅಚ್ಚು ತೆಗೆದಳು. ಹೆಸರಿನ ಜಾಗದಲ್ಲಿ ಬರೆದದ್ದು ಎರಡೇ ಅಕ್ಷರ: ಎ.ಎ. ಮುಂದಿನವರು ಅದನ್ನು ‘ಅನಾಮಧೇಯ ಹವ್ಯಾಸಿ’ ಎಂದು ಓದಿಕೊಂಡರಂತೆ!

1852ರ ಮೊದಲ ದಿನವೇ ಆನಾಳ ತಂದೆ ತೀರಿಕೊಂಡರು. ಆ ಬೇಸಿಗೆಯಲ್ಲಿ ಬಾಲ್ಯದ ಗೆಳತಿ ಆನ್ ಡಿಕ್ಸನ್ ಜೊತೆಗಿರಲು ಬಂದಳು. ಇಬ್ಬರೂ ಕೂತು ಜರೀಗಿಡದ ಎಲೆಗಳ ನೀಲಿ ಚಿತ್ರ ತೆಗೆಯತೊಡಗಿದರು. ಮರುವರ್ಷ ಆ ಚಿತ್ರಗಳ ಆಲ್ಬಮ್ಮೂ ಸಿದ್ಧ, ತಂದೆಯ ನೆನಪಿನ ಪುಸ್ತಕವೂ ಸಿದ್ಧ. ಇಂದು ಆ ನೀಲಿ ಹಾಳೆಗಳನ್ನು ದೊಡ್ಡ ದೊಡ್ಡ ಮ್ಯೂಸಿಯಂಗಳು ಜೋಪಾನ ಮಾಡುತ್ತಿವೆ!

ಎಂಜಿನಿಯರುಗಳು ಬಗಲಲ್ಲಿ ಸುತ್ತಿಟ್ಟುಕೊಂಡು ಓಡಾಡುತ್ತಿದ್ದ ನೀಲನಕ್ಷೆ ಗೊತ್ತಲ್ಲ? ಅದೂ ಸಯನೊಟೈಪೇ! ದಶಕಗಳ ಕಾಲ ಮನೆ, ಸೇತುವೆ, ಯಂತ್ರಗಳ ನಕ್ಷೆಯನ್ನು ನಕಲು ತೆಗೆಯುತ್ತಿದ್ದದ್ದು ಹೀಗೆಯೇ. ಮುತ್ಯಾನ ಮನೆಯ ನಕ್ಷೆಗೂ ಮುತ್ಯಾನ ಮುಖಕ್ಕೂ ಒಂದೇ ನೀಲಿ!

ಫೋಟೊ ಕಾಗದದಲ್ಲಿ ದುಡ್ಡು ಮುದ್ರಿಸಿದ್ದಾರೆಂದರೆ? ಹೌದು! 1899ರಲ್ಲಿ ದಕ್ಷಿಣ ಆಫ್ರಿಕದ ಮಾಫೆಕಿಂಗ್ ಪಟ್ಟಣಕ್ಕೆ ಶತ್ರುಗಳ ಮುತ್ತಿಗೆ ಬಿತ್ತು. ಒಳಗಿದ್ದವರು 1900ರಲ್ಲಿ ಇದೇ ನೀಲಿ ವಿದ್ಯೆಯಿಂದ ಅಂಚೆಚೀಟಿ ಮಾಡಿಕೊಂಡರು, ನೋಟನ್ನೂ ಮಾಡಿಕೊಂಡರು. ಒಂದು ಚೀಟಿಯ ಮೇಲಿದ್ದ ಮುಖ ಬೇಡನ್ ಪೊವೆಲ್. ಅದೇ, ಮುಂದೆ ಸ್ಕೌಟ್ ಚಳವಳಿ ಕಟ್ಟಿದ ಬೇಡನ್ ಪೊವೆಲ್!

ಈ ನೀಲಿಗೆ ಪ್ರಶ್ಯನ್ ಬ್ಲೂ ಎನ್ನುತ್ತಾರೆ. ಜಪಾನಿನ ಹೊಕುಸಾಯ್ ಬಿಡಿಸಿದ ಜಗತ್ಪ್ರಸಿದ್ಧ ದೈತ್ಯ ಅಲೆಯಲ್ಲಿರುವುದೂ ಇದೇ. ಅಷ್ಟೇ ಅಲ್ಲ, ವಿಕಿರಣ ಸೂಸುವ ಸೀಸಿಯಂ ಹೊಟ್ಟೆಗೆ ಹೋದರೆ ವೈದ್ಯರು ಔಷಧಿಯಾಗಿ ಕೊಡುವುದೂ ಇದನ್ನೇ! ಬಣ್ಣವೂ ಹೌದು, ಮದ್ದೂ ಹೌದು.

ಇನ್ನು ಉಪ್ಪಿನ ಸರದಿ. ಕಾಗದವನ್ನು ಉಪ್ಪು ನೀರಲ್ಲಿ ಅದ್ದಿ ಒಣಗಿಸಿ, ಮೇಲೆ ಸಿಲ್ವರ್ ನೈಟ್ರೇಟ್ ಬಳಿದರೆ ಬಿಸಿಲಿಗೆ ಕಪ್ಪಾಗುತ್ತದೆ. ಇಂಗ್ಲೆಂಡಿನ ಟಾಲ್ಬಟ್ 1830ರ ದಶಕದಲ್ಲಿ ಫೋಟೊ ಮೂಡಿಸಿದ್ದು ಹೀಗೆ. ಊಟದ ಉಪ್ಪೇ ಫಿಲಂ!

ಅದೇ ಸಿಲ್ವರ್ ನೈಟ್ರೇಟ್ ನಿಮ್ಮ ಬೆರಳಿಗೂ ಬಂದಿದೆ, ಗಮನಿಸಿದ್ದೀರಾ? ಮತ ಹಾಕಿದಾಗ ಹಚ್ಚುವ ಶಾಯಿಯಲ್ಲಿ! ಚರ್ಮದ ಮೇಲಿನ ಉಪ್ಪಿನೊಡನೆ ಕೂಡಿ, ಬೆಳಕು ತಾಗಿ ಕಪ್ಪಾಗುತ್ತದೆ. 1962ರ ಚುನಾವಣೆಯಿಂದ ದೇಶಕ್ಕೆಲ್ಲ ಆ ಶಾಯಿ ಕೊಡುತ್ತಿರುವುದು ನಮ್ಮದೇ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ. ಅಂದರೆ ಮತ ಹಾಕಿದವರೆಲ್ಲರ ಬೆರಳಲ್ಲೂ ಒಂದು ಪುಟ್ಟ ಫೋಟೊ ಮುದ್ರಣ!

ತತ್ತಿಯಿಂದಲೂ ಫೋಟೊ ಆಗುತ್ತದೆ! 1850ರಲ್ಲಿ ಫ್ರಾನ್ಸಿನ ಬ್ಲಾಂಕಾರ್-ಎವ್ರಾರ್ ತತ್ತಿಯ ಬಿಳಿ ಲೋಳೆ ಸವರಿದ ಕಾಗದ ತಂದ. ಚಿತ್ರಕ್ಕೆ ನುಣುಪು, ಹೊಳಪು ಎರಡೂ ಬಂತು. ಜರ್ಮನಿಯ ಡ್ರೆಸ್ಡನ್‌ನಲ್ಲಿ ಇಂಥ ಕಾಗದ ಮಾಡುವ ಕಾರ್ಖಾನೆಯೊಂದು 1880ರ ದಶಕದ ಕೊನೆಗೆ ದಿನಕ್ಕೆ 60,000 ತತ್ತಿ ಒಡೆಯುತ್ತಿತ್ತಂತೆ. ಬರೀ ಫೋಟೊಗಾಗಿ!

ಜೇವರ್ಗಿಯವರೇ, ಇದು ನಿಮಗೆ! 1850ರ ಸುಮಾರಿಗೆ ನಿಮ್ಮೂರ ಬಳಿಯ ಪ್ರಾಚೀನ ಕಲ್ಗೋರಿಗಳ ಬಗ್ಗೆ ಬರೆದವನು ಸುರಪುರದಲ್ಲಿದ್ದ ಅಧಿಕಾರಿ ಮೆಡೋಸ್ ಟೇಲರ್. 1866ರಲ್ಲಿ ವಿಜಯಪುರ, ಧಾರವಾಡ, ಮೈಸೂರು ಕಡೆಯ ಕಟ್ಟಡಗಳ ಫೋಟೊ ಪುಸ್ತಕಗಳು ಬಂದವಲ್ಲ, ಅವುಗಳಿಗೆ ಲೇಖನ ಬರೆದವನೂ ಅವನೇ. ಆ ಪುಸ್ತಕಗಳಲ್ಲಿ ಅಂಟಿಸಿದ್ದೇನು ಗೊತ್ತೇ? ತತ್ತಿ ಲೋಳೆಯ ಫೋಟೊಗಳು!

ಕ್ಯಾಮೆರಾ ಹುಟ್ಟುವ ಮೊದಲೂ ಭೀಮೆಯ ದಂಡೆಯವರು ಮುಖ ಕಾಪಿಡುವುದರಲ್ಲಿ ಗಟ್ಟಿಗರು. ಚಿತ್ತಾಪುರ ತಾಲ್ಲೂಕಿನ ಕನಗನಹಳ್ಳಿಯಲ್ಲಿ ಸಾಮ್ರಾಟ್ ಅಶೋಕನ ಕಲ್ಲಿನ ಚಿತ್ರ ಸಿಕ್ಕಿದೆ. ಪಕ್ಕದಲ್ಲೇ ಬ್ರಾಹ್ಮಿ ಲಿಪಿಯಲ್ಲಿ ಹೆಸರು! ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ಚಿತ್ರಕ್ಕೆ ಹೆಸರು ಬರೆದಿಟ್ಟ ಊರಿದು.

1948ರವರೆಗೆ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಊರುಗಳಿದ್ದದ್ದು ಹೈದರಾಬಾದ್ ಸಂಸ್ಥಾನದಲ್ಲಿ. ಅಲ್ಲಿನ ನಿಜಾಮರ ಆಸ್ಥಾನ ಫೋಟೊಗ್ರಾಫರ್ ರಾಜಾ ದೀನದಯಾಳ್. 1892ರಲ್ಲಿ ಆತ ಹೆಂಗಸರಿಗಾಗಿಯೇ ಹೈದರಾಬಾದಿನಲ್ಲಿ ಬೇರೆ ಸ್ಟುಡಿಯೊ ತೆರೆದ. ಪರದೆಯ ಹಿಂದಿನ ಬೇಗಂಗಳ ಫೋಟೊ ತೆಗೆಯುವ ಕೆಲಸಕ್ಕೂ ಒಬ್ಬ ಮಹಿಳೆಯನ್ನೇ ನೇಮಿಸಿದ!

ಅರಿಶಿನ ಬಿಸಿಲಿಗೆ ಬಣ್ಣಗೆಡುವುದನ್ನು ನೋಡಿದ್ದೀರಿ. ಆ ಅವಗುಣವೇ ಇಲ್ಲಿ ಗುಣ! ಅರಿಶಿನವನ್ನು ಸ್ಪಿರಿಟ್‌ನಲ್ಲಿ ಕದಡಿ, ಸೋಸಿ, ಕಾಗದಕ್ಕೆ ಬಳಿಯಿರಿ. ಪಾರದರ್ಶಕ ಹಾಳೆಯ ಮೇಲಿನ ಫೋಟೊ ಇಟ್ಟು ಬಿಸಿಲಿಗಿಡಿ. ಬಿಸಿಲು ತಾಗಿದ ಕಡೆ ಹಳದಿ ಹಾರಿಹೋಗುತ್ತದೆ, ನೆರಳಿನಡಿ ಉಳಿಯುತ್ತದೆ. ಕೊನೆಗೆ ಅಡುಗೆ ಸೋಡಾದ ನೀರು ಸಿಂಪಡಿಸಿದರೆ ಉಳಿದ ಹಳದಿ ಕೆಂಪಗಾಗುತ್ತದೆ. ಸುಣ್ಣ ಬಿದ್ದ ಆರತಿ ನೀರು ಕೆಂಪಾಗುವುದೂ ಇದೇ ಗುಟ್ಟಿನಿಂದ!

ಬೀಟ್‌ರೂಟ್ ರಸ, ಪಾಲಕ್ ರಸ, ಹೂವಿನ ರಸವೂ ಆದೀತು. ಒಂದೇ ತಕರಾರು. ಇಂಥ ಚಿತ್ರವನ್ನು ಬೆಳಕಿಗಿಟ್ಟರೆ ಬೆಳಕೇ ಅಳಿಸಿಬಿಡುತ್ತದೆ! ಆಲ್ಬಮ್ಮಿನೊಳಗಿಟ್ಟು, ನೆಂಟರು ಬಂದಾಗ ತೆರೆದು ತೋರಿಸಿ, ತಟ್ಟನೆ ಮುಚ್ಚಬೇಕು.

ಕಾಗದವೇ ಬೇಡ, ಹಸಿರೆಲೆ ಸಾಕು! ವಿಯೆಟ್ನಾಂನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಕಲಾವಿದ ಬಿನ್ ಡ್ಯಾನ್ ಎಲೆಯ ಮೇಲೆ ಫೋಟೊ ಹಾಳೆ ಇಟ್ಟು ಬಿಸಿಲಿಗೊಡ್ಡುತ್ತಾರೆ. ಎಲೆಯ ಹಸಿರಿನಲ್ಲೇ ಮುಖ ಮೂಡುತ್ತದೆ. ಹಾಗೆ ಅವರು ಮೂಡಿಸಿದ್ದು ವಿಯೆಟ್ನಾಂ ಯುದ್ಧದ ಕಾಲದ ಮುಖಗಳನ್ನು!

ಬಾಣಂತಿಗೆ ಅಂಟಿನುಂಡಿ ಕಟ್ಟುವಾಗ ಮರದ ಅಂಟು ಹುರಿಯುತ್ತಾರಲ್ಲ? ಜಾಲಿ ಬಳಗದ ಮರಗಳ ಅಂಥದ್ದೇ ಅಂಟಿಗೆ ಜಲವರ್ಣ ಮತ್ತು ಡೈಕ್ರೋಮೇಟ್ ಕಲಸಿದರೆ ಅದೂ ಫೋಟೊ ಮುದ್ರಿಸುತ್ತದೆ. ಬೆಳಕು ಬಿದ್ದಲ್ಲಿ ಅಂಟು ಗಟ್ಟಿ, ಉಳಿದದ್ದು ನೀರಲ್ಲಿ ಮಾಯ! ಆದರೆ ಎಚ್ಚರ, ಡೈಕ್ರೋಮೇಟ್ ವಿಷ. ಮಕ್ಕಳ ಕೈಗೆ ಬೇಡವೇ ಬೇಡ.

ದೀಪದ ಮಸಿಯಿಂದಲೂ ಫೋಟೊ ಮಾಡಬಹುದು! ಮಸಿ, ಜೆಲಟಿನ್ ಬಳಸುವ ಕಾರ್ಬನ್ ಮುದ್ರಣವನ್ನು 1864ರಲ್ಲಿ ಕೈಗೂಡಿಸಿದವನು ಜೋಸೆಫ್ ಸ್ವಾನ್. ಇದರ ಚಿತ್ರ ಸುಲಭಕ್ಕೆ ಮಾಸುವುದಿಲ್ಲ. ಮುಂದೆ ವಿದ್ಯುತ್ ಬಲ್ಬ್ ಮಾಡಿ ಹೆಸರಾದವನೂ ಇದೇ ಸ್ವಾನ್. ಮಸಿಯೂ ಅವನದೇ, ದೀಪವೂ ಅವನದೇ!

ಫಿಲಂ ತೊಳೆಯಲು ಕಾಫಿ! 1995ರಲ್ಲಿ ಅಮೆರಿಕದ ರೋಚೆಸ್ಟರ್‌ನ ತಾಂತ್ರಿಕ ಸಂಸ್ಥೆಯೊಂದರ ತರಗತಿಯಲ್ಲಿ ಇನ್‌ಸ್ಟಂಟ್ ಕಾಫಿಪುಡಿ, ಒಗೆಯುವ ಸೋಡಾ ಬೆರೆಸಿ ನೋಡಿದರು. ನೆಗೆಟಿವ್ ಮೂಡಿಯೇ ಬಿಟ್ಟಿತು! ಇಂದಿಗೂ ಹವ್ಯಾಸಿಗಳು ಇದನ್ನು ಕೆಫೆನಾಲ್ ಎಂದು ಕರೆದು ಬಳಸುತ್ತಾರೆ.

ಹಳೆ ನೆಗೆಟಿವ್ ಕಳೆದುಹೋಗಿದೆಯೇ? ಚಿಂತೆ ಬಿಡಿ. ಗೋಡೆ ಮೇಲಿನ ಫೋಟೊವನ್ನು ಮೊಬೈಲಿನಲ್ಲಿ ತೆಗೆದು, ಕಪ್ಪು-ಬಿಳುಪು ಮಾಡಿ, ಬಣ್ಣ ತಿರುಗುಮುರುಗು ಮಾಡಿ. ಝೆರಾಕ್ಸ್ ಅಂಗಡಿಯಲ್ಲಿ ಪಾರದರ್ಶಕ ಹಾಳೆಗೆ ಪ್ರಿಂಟ್ ಹಾಕಿಸಿ. ನೆಗೆಟಿವ್ ರೆಡಿ! ಕಪ್ಪು ತೆಳುವಾಗಿದ್ದರೆ ಎರಡು ಹಾಳೆ ಜೋಡಿಸಿ.

ಫೋಟೊನೇ ಇಲ್ಲದ ಹಿರಿಯರೂ ಇದ್ದಾರಲ್ಲ? ಅವರಿಗೂ ದಾರಿಯಿದೆ! ಆಯಿಯ ಬಳೆ, ಮುತ್ಯಾನ ಕನ್ನಡಕ, ಅವ್ವ ಹೆಣೆದ ಕ್ರೋಶಾ ಬಟ್ಟೆಯನ್ನು ನೇರ ಸಯನೊಟೈಪ್ ಕಾಗದದ ಮೇಲಿಟ್ಟು ಬಿಸಿಲಿಗೆ ಹಿಡಿದು ತೊಳೆದರೆ ಸಾಕು. ಕ್ಯಾಮೆರಾ ಇಲ್ಲದೆಯೇ ಬಿಳಿ ನೆರಳು ಅಚ್ಚಾಗುತ್ತದೆ!

ಅರಿವೆಯ ಮೇಲೂ ಸಯನೊಟೈಪ್ ಮೂಡುತ್ತದೆ. ಹತ್ತಿ ಬಟ್ಟೆಯಂತೂ ಬಲು ಚೆನ್ನ! ನಮ್ಮ ಕಡೆ ಹಳೆ ಸೀರೆ, ಧೋತರದ ತುಂಡು ಜೋಡಿಸಿ ಕೌದಿ ಹೊಲಿಯುತ್ತಾರೆ. ಅದರ ನಡುವೆ ಒಂದೊಂದು ಚೌಕದಲ್ಲಿ ಮನೆಯವರ ಒಂದೊಂದು ಮುಖ ಮುದ್ರಿಸಿದರೆ? ಇಡೀ ವಂಶವೃಕ್ಷವನ್ನೇ ಹೊದ್ದು ಮಲಗಬಹುದು!

ಬಹಳ ದಿನ ಬಿಸಿಲು ತಾಗಿ ನೀಲಿ ಮಂಕಾದರೆ ಗಾಬರಿ ಬೇಡ. ಕೆಲವು ದಿನ ಕತ್ತಲಲ್ಲಿಡಿ, ಬಹುಪಾಲು ಬಣ್ಣ ತಾನೇ ಮರಳುತ್ತದೆ! ನಿಜವಾದ ವೈರಿ ಒಗೆಯುವ ಸೋಡಾ. ಅದರಲ್ಲಿ ನೆನೆಹಾಕಿದರೆ ಕೌದಿಯ ಮೇಲಿನ ಮುತ್ಯಾ ಕಣ್ಣೆದುರೇ ತಿಳಿಹಳದಿಯಾಗಿ ಕರಗುತ್ತಾನೆ. ಆಗಲೂ ಕೈಚೆಲ್ಲಬೇಡಿ. ಚೆನ್ನಾಗಿ ಜಾಲಿಸಿ, ಹಾಲು ಹಾಕದ ಕಡಕ್ ಚಹಾದಲ್ಲಿ ಅದ್ದಿಡಿ. ಉಳಿದ ಕಬ್ಬಿಣಕ್ಕೆ ಚಹಾದ ಒಗರು ಕೂಡಿ ಮುತ್ಯಾ ಮತ್ತೆ ಹಾಜರ್, ಈ ಸಲ ಕಂದು ಬಣ್ಣದಲ್ಲಿ!