ಟೊಮೆಟೊ ತಳ ಕಪ್ಪಾಯಿತೇ? ಔಷಧಿ ಹೊಡೆಯುವ ಮುಂಚೆ ಯೋಚಿಸಿ



ನಿಮ್ಮ ಹಿತ್ತಲಲ್ಲೋ ಶಾಲೆಯ ಕೈತೋಟದಲ್ಲೋ ಟೊಮೆಟೊ ಗಿಡ ಬೆಳೆಸಿದ್ದೀರಾ? ಗಿಡ ಹಸಿರಾಗಿ ಬೆಳೆದಿದೆ, ಹಳದಿ ಹೂ ಬಿಟ್ಟಿದೆ, ಕಾಯಿಯೂ ಕಟ್ಟಿದೆ. ಇನ್ನೇನು ಹಣ್ಣಾಗಬೇಕು ಎನ್ನುವಾಗ ಕಾಯಿಯ ತಳದಲ್ಲಿ ನೀರು ಕುಡಿದಂತಹ ಒಂದು ಕಲೆ ಕಾಣಿಸುತ್ತದೆ. ಕೆಲವೇ ದಿನಗಳಲ್ಲಿ ಅದು ಅಗಲವಾಗಿ, ಕಪ್ಪಾಗಿ, ಚರ್ಮದಂತೆ ಗಟ್ಟಿಯಾಗಿ ಒಳಕ್ಕೆ ಕುಸಿಯುತ್ತದೆ.

"ಹುಳ ಬಿದ್ದಿದೆ, ಔಷಧಿ ಹೊಡೆಯಿರಿ" ಎಂದು ಯಾರಾದರೂ ಹೇಳುವುದು ಸಹಜ. ಆದರೆ ನಾವು ಔಷಧಿ ಎಂದು ಕರೆಯುವ ಕೀಟನಾಶಕ ನಿಜವಾಗಿ ವಿಷ. ಅದು ಬೀಳುವುದು ನಾವೇ ತಿನ್ನುವ ಹಣ್ಣಿನ ಮೇಲೆ. ಇನ್ನೂ ಒಂದು ಸಂಗತಿ ಕೇಳಿ. ಈ ಕಪ್ಪು ಕಲೆಗೆ ಹುಳವೂ ಕಾರಣವಲ್ಲ, ರೋಗಾಣುವೂ ಕಾರಣವಲ್ಲ. ಎಷ್ಟು ಔಷಧಿ ಹೊಡೆದರೂ ಅದು ವಾಸಿಯಾಗುವುದಿಲ್ಲ. ಹಾಗಾದರೆ ಕಾರಣವೇನು? ಬನ್ನಿ, ಹುಡುಕೋಣ.

ಮೊದಲು ಸರಿಯಾಗಿ ನೋಡಿ

ಕಾಯಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ತೂತು ಇದೆಯೇ? ಒಳಗೆ ಹಿಕ್ಕೆ ಕಾಣುತ್ತದೆಯೇ? ಹಾಗಿದ್ದರೆ ಅದು ಕಾಯಿಕೊರಕ ಹುಳುವಿನ ಕೆಲಸ. ಎಲೆಗಳ ಮೇಲೂ ಕಂದು ಚುಕ್ಕೆಗಳಿವೆಯೇ? ಆಗ ಶಿಲೀಂಧ್ರ ರೋಗವಿರಬಹುದು. ತೂತಿಲ್ಲ, ಎಲೆಗಳು ಚೆನ್ನಾಗಿವೆ, ತೊಟ್ಟಿಗೆ ಎದುರಿನ ತುದಿ ಮಾತ್ರ ಕಪ್ಪಾಗಿದೆ ಎಂದಾದರೆ ಅದು 'ತುದಿ ಕೊಳೆ'. ಹೂವಿನ ಶಲಾಕೆ ಇದ್ದ ಜಾಗವೇ ಈ ತುದಿ. ಹೆಸರಿನಲ್ಲಿ ಕೊಳೆ ಎಂದಿದ್ದರೂ ಇದು ಅಂಟುರೋಗವಲ್ಲ. ಒಂದು ಗಿಡದಿಂದ ಇನ್ನೊಂದಕ್ಕೆ ಹರಡುವುದಿಲ್ಲ.

ಸಾಲಿನ ಕೊನೆಯಲ್ಲಿ ನಿಂತವನ ಕಷ್ಟ

ನಮ್ಮ ಮೂಳೆ, ಹಲ್ಲುಗಳಿಗೆ ಕ್ಯಾಲ್ಸಿಯಂ ಬೇಕು ಎಂದು ನೀವು ಓದಿದ್ದೀರಿ. ಗಿಡಕ್ಕೆ ಮೂಳೆ ಇಲ್ಲ. ಆದರೂ ಅದಕ್ಕೆ ಕ್ಯಾಲ್ಸಿಯಂ ಬೇಕೇ ಬೇಕು. ಗಿಡದ ಜೀವಕೋಶಗಳ ಗೋಡೆ, ಅಂದರೆ ಕೋಶಭಿತ್ತಿ, ಗಟ್ಟಿಯಾಗಿ ನಿಲ್ಲುವುದಕ್ಕೆ ಕ್ಯಾಲ್ಸಿಯಂ ನೆರವಾಗುತ್ತದೆ. ಕ್ಯಾಲ್ಸಿಯಂ ಸಾಲದಿದ್ದರೆ ಕೋಶಗಳು ಕುಸಿದು ಸಾಯುತ್ತವೆ. ಆ ಸತ್ತ ಕೋಶಗಳೇ ನಾವು ಕಾಣುವ ಕಪ್ಪು ಕಲೆ.

ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದರೂ ಕಾಯಿಗೆ ಏಕೆ ಸಿಗುವುದಿಲ್ಲ? ಕ್ಯಾಲ್ಸಿಯಂ ನೀರಿನಲ್ಲಿ ಕರಗಿ, ಬೇರಿನಿಂದ ಮೇಲೇರುವ ನೀರಿನ ಜೊತೆಗೇ ಸಾಗುತ್ತದೆ. ಎಲೆಗಳಲ್ಲಿ ಪತ್ರರಂಧ್ರಗಳಿವೆ. ಅವುಗಳ ಮೂಲಕ ನೀರು ಆವಿಯಾಗಿ ಹೊರಹೋಗುತ್ತದೆ. ಇದನ್ನು ಬಾಷ್ಪವಿಸರ್ಜನೆ ಎನ್ನುತ್ತಾರೆ. ಆವಿಯಾದಷ್ಟೂ ಎಲೆ ಬೇರಿನಿಂದ ನೀರನ್ನು ಎಳೆಯುತ್ತದೆ. ಆದರೆ ಟೊಮೆಟೊ ಹಣ್ಣಿನ ಸಿಪ್ಪೆಯಲ್ಲಿ ಇಂತಹ ರಂಧ್ರಗಳಿಲ್ಲ. ಹಾಗಾಗಿ ಈ ನೀರಿನಲ್ಲಿ ಹಣ್ಣಿಗೆ ಬರುವ ಪಾಲು ಕಡಿಮೆ.

ಬಿಸಿಯೂಟದ ಸಾಲನ್ನು ನೆನಪಿಸಿಕೊಳ್ಳಿ. ಸಾಂಬಾರು ಸಾಕಷ್ಟಿದ್ದರೆ ಎಲ್ಲರಿಗೂ ಸಿಗುತ್ತದೆ. ಕಡಿಮೆಯಾದರೆ ತೊಂದರೆಯಾಗುವುದು ಕೊನೆಯವನಿಗೆ. ಟೊಮೆಟೊ ಗಿಡದಲ್ಲಿ ಸಾಲಿನ ಮುಂದೆ ನಿಂತಿರುವುದು ಎಲೆಗಳು. ಕಟ್ಟಕಡೆಯಲ್ಲಿ ನಿಂತಿರುವುದು ಕಾಯಿಯ ತಳ. ಎಲೆಗೆ ಒಮ್ಮೆ ಸೇರಿದ ಕ್ಯಾಲ್ಸಿಯಂ ಅಲ್ಲಿಂದ ಕಾಯಿಗೆ ಮರಳಿ ಬರುವುದೂ ಇಲ್ಲ. ಮಣ್ಣು ನಾಲ್ಕು ದಿನ ಒಣಗಿದರೆ, ಬೇಗಬೇಗ ದಪ್ಪವಾಗುತ್ತಿರುವ ಎಳೆಗಾಯಿಗೆ ಪೆಟ್ಟು ಬೀಳುತ್ತದೆ.

ಮಾಡಿ ನೋಡಿ

ಬೇಕಾಗುವ ಸಾಮಗ್ರಿಗಳು: ಒಂದೇ ಅಳತೆಯ ಎರಡು ಪಾರದರ್ಶಕ ಪ್ಲಾಸ್ಟಿಕ್ ಚೀಲ, ದಾರ, ಕಾಯಿ ಬಿಟ್ಟಿರುವ ಟೊಮೆಟೊ ಗಿಡ.

ಬಿಸಿಲಿರುವ ದಿನ ಬೆಳಿಗ್ಗೆ ಒಂದು ಚೀಲವನ್ನು ಎಲೆಗಳಿಗೆ ಮುಚ್ಚಿ ದಾರದಿಂದ ಕಟ್ಟಿ. ಇನ್ನೊಂದು ಚೀಲದಲ್ಲಿ ಒಂದು ಹಸಿರು ಕಾಯಿ ಮಾತ್ರ ಇರುವಂತೆ ಕಟ್ಟಿ. ಎರಡು ಗಂಟೆಯ ನಂತರ ಎರಡನ್ನೂ ಹೋಲಿಸಿ. ಯಾವ ಚೀಲದ ಒಳಗೆ ಹೆಚ್ಚು ನೀರಿನ ಹನಿಗಳಿವೆ? ನಿಮ್ಮ ನೋಟ್‌ಪುಸ್ತಕದಲ್ಲಿ ಚಿತ್ರ ಬರೆದು ಗುರುತಿಸಿ. ನೋಡಿದ ಮೇಲೆ ಚೀಲಗಳನ್ನು ಮರೆಯದೆ ಬಿಚ್ಚಿ.

ಹಾಗಾದರೆ ಏನು ಮಾಡಬೇಕು?

1. ಒಂದು ದಿನ ಬಿಂದಿಗೆಗಟ್ಟಲೆ ಸುರಿದು ನಾಲ್ಕು ದಿನ ಮರೆಯಬೇಡಿ. ಬೆರಳನ್ನು ಮಣ್ಣಿಗೆ ಇಳಿಸಿ ನೋಡಿ. ಒಳಗೂ ಒಣಗಿದ್ದರೆ ನೀರು ಹಾಕಿ. ಕೆಸರು ಮಾಡಬೇಡಿ. ಗಾಳಿ ಸಿಗದ ಬೇರು ನೀರನ್ನು ಸರಿಯಾಗಿ ಹೀರಲಾರದು.

2. ಬುಡದ ಸುತ್ತ ಒಣ ಎಲೆ ಅಥವಾ ಹುಲ್ಲಿನ ಹೊದಿಕೆ ಹಾಕಿ. ತೇವ ಬೇಗ ಆರುವುದಿಲ್ಲ. ಟೊಮೆಟೊಗೆ ಹೆಸರಾದ ಕೋಲಾರ ಜಿಲ್ಲೆಯ ಹೊಲಗಳಲ್ಲಿ ಹನಿ ನೀರಾವರಿ ಕೊಳವೆ, ನೆಲಕ್ಕೆ ಹಾಸಿದ ಪ್ಲಾಸ್ಟಿಕ್ ಹೊದಿಕೆ ನೋಡಿರಬಹುದು. ಮಣ್ಣಿನ ತೇವವನ್ನು ಒಂದೇ ಸಮನಾಗಿ ಕಾಯುವುದು ಅವುಗಳ ಕೆಲಸ.

3. ಸಸಿ ನೆಡುವಾಗ ಕಾಂಡದ ಕೆಳಭಾಗವೂ ಮಣ್ಣಿನಲ್ಲಿ ಇರಲಿ. ಟೊಮೆಟೊ ಕಾಂಡ ಮಣ್ಣು ತಾಗಿದ ಕಡೆ ಹೊಸ ಬೇರು ಬಿಡುತ್ತದೆ. ಬೇರು ಹೆಚ್ಚಿದಷ್ಟೂ ನೀರು ಹೆಚ್ಚು.

4. ಯೂರಿಯಾ ಅತಿಯಾಗಿ ಹಾಕಬೇಡಿ. ಎಲೆಗಳು ಸೊಂಪಾಗಿ ಬೆಳೆದು ಕಾಯಿಯ ಪಾಲನ್ನೂ ಎಳೆದುಕೊಳ್ಳುತ್ತವೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಳ್ಳೆಯದು. ಅದು ನೀರನ್ನೂ ಹಿಡಿದಿಡುತ್ತದೆ.

5. ಮೊಟ್ಟೆಯ ಚಿಪ್ಪಿನಲ್ಲಿ ಕ್ಯಾಲ್ಸಿಯಂ ಇದೆ. ಆದರೆ ಅದು ಕರಗುವುದು ಬಹಳ ನಿಧಾನ. ಪುಡಿ ಮಾಡಿ, ಸಸಿ ನೆಡುವುದಕ್ಕೆ ಮುಂಚೆಯೇ ಮಣ್ಣಿಗೆ ಸೇರಿಸಬಹುದು. ಈಗಾಗಲೇ ಕಪ್ಪಾದ ಕಾಯಿಗೆ ಅದರಿಂದ ಉಪಯೋಗವಿಲ್ಲ.

ಕಪ್ಪಾದ ಕಾಯಿ ಮತ್ತೆ ಸರಿಹೋಗುವುದಿಲ್ಲ. ಅದನ್ನು ಕಿತ್ತು ಗೊಬ್ಬರದ ಗುಂಡಿಗೆ ಹಾಕಿ. ಗಿಡವನ್ನು ಮಾತ್ರ ಕೀಳಬೇಡಿ. ನೀರು ಸರಿಯಾಗಿ ಸಿಕ್ಕರೆ ಮುಂದಿನ ಗೊಂಚಲಿನ ಕಾಯಿಗಳು ಚೆನ್ನಾಗಿ ಬರುತ್ತವೆ. 2023ರ ಜುಲೈ ತಿಂಗಳಲ್ಲಿ ಟೊಮೆಟೊ ಬೆಲೆ ಕಿಲೋಗೆ 100 ರೂಪಾಯಿ ದಾಟಿತ್ತು. ಅಂತಹ ಸಮಯದಲ್ಲಿ ಹಿತ್ತಲಿನ ಒಂದೊಂದು ಹಣ್ಣೂ ಮನೆಗೆ ಉಳಿತಾಯವೇ. ವಿಷ ಹೊಡೆಯದೆ ಬೆಳೆದದ್ದಾದರೆ ಆರೋಗ್ಯಕ್ಕೂ ಒಳ್ಳೆಯದು.

ಯೋಚಿಸಿ, ಉತ್ತರಿಸಿ

ಶನಿವಾರ ನೀರು ಹಾಕಿ ಹೋದ ಶಾಲಾ ಕೈತೋಟಕ್ಕೆ ಮತ್ತೆ ನೀರು ಸಿಗುವುದು ಸೋಮವಾರ. ದಸರಾ ರಜೆಯಲ್ಲಂತೂ ಇನ್ನೂ ಕಷ್ಟ. ರಜೆಯಲ್ಲೂ ಮಣ್ಣಿನ ತೇವ ಆರದಂತೆ ನೋಡಿಕೊಳ್ಳಲು ನಿಮ್ಮ ತರಗತಿ ಏನು ಮಾಡಬಹುದು? ಗುಂಪಿನಲ್ಲಿ ಚರ್ಚಿಸಿ ಒಂದು ಯೋಜನೆ ತಯಾರಿಸಿ, ನಿಮ್ಮ ಶಿಕ್ಷಕರಿಗೆ ತೋರಿಸಿ.